ಯೂಟಾ ಮ್ಯಾಮತ್ ಹೊಸ ತಂಡವೋ, ಹಳೆಯದೋ? ಸ್ವಂತ ಅಂಗಳವಿಲ್ಲದ ಹಾಕಿ ಕ್ಲಬ್ಬಿನ ಅರ್ಧ ಶತಮಾನ

ಅಮೆರಿಕದ ಸಾಲ್ಟ್ ಲೇಕ್ ಸಿಟಿಯ ಐಸ್ ಹಾಕಿ ತಂಡಕ್ಕೆ 2025ರ ಮೇ 7ರಂದು ‘ಯೂಟಾ ಮ್ಯಾಮತ್’ ಎಂಬ ಹೆಸರು ಬಂತು. ಅದಕ್ಕೆ ಮೊದಲಿನ ಇಡೀ ಋತುವನ್ನು ಅದು ‘ಯೂಟಾ ಹಾಕಿ ಕ್ಲಬ್’ ಎಂಬ ತಾತ್ಕಾಲಿಕ ಹೆಸರಿನಲ್ಲೇ ಆಡಿ ಮುಗಿಸಿತ್ತು. ನ್ಯಾಷನಲ್ ಹಾಕಿ ಲೀಗ್‌ನ (ಎನ್‌ಎಚ್‌ಎಲ್) ದಾಖಲೆಗಳ ಪ್ರಕಾರ ಈ ಕ್ಲಬ್ ಹುಟ್ಟಿದ್ದು 2024ರಲ್ಲಿ. ಆದರೆ ತಂಡದ ನಾಯಕ ಕ್ಲೇಟನ್ ಕೆಲ್ಲರ್ 2017ರಿಂದಲೂ ಇದೇ ಬಳಗದ ಆಟಗಾರ. ಕೋಚ್ ಆಂದ್ರೆ ಟೂರಿನ್ಯಿ ಹಳಬರು, ಜನರಲ್ ಮ್ಯಾನೇಜರ್ ಬಿಲ್ ಆರ್ಮ್‌ಸ್ಟ್ರಾಂಗ್ ಹಳಬರು. ಆಟಗಾರರ ಕರಾರುಗಳೂ ಹಳೆಯವೇ. ಇವರೆಲ್ಲ 2024ರ ಏಪ್ರಿಲ್ ತನಕ ಅರಿಜೋನಾ ಕಯೋಟೀಸ್ ಎಂಬ ತಂಡದವರು. ಹಾಗಾದರೆ ಕಯೋಟೀಸ್ ಊರು ಬದಲಿಸಿತೇ? ಇಲ್ಲ ಎನ್ನುತ್ತದೆ ಲೀಗ್. ಮುಚ್ಚಿಹೋಯಿತೇ? ಅದೂ ಇಲ್ಲವಂತೆ, ‘ನಿಷ್ಕ್ರಿಯ’ವಾಗಿದೆಯಂತೆ.

ಈ ಗೊಂದಲಕ್ಕೆ ಕಾರಣ ಕಾಗದದ ಮೇಲೆ ಮಾಡಿದ ಒಂದು ಜಾಣತನ. ಅದು ಯಾಕೆ ಬೇಕಾಯಿತು ಎಂದು ತಿಳಿಯಲು ಅರ್ಧ ಶತಮಾನ ಹಿಂದಕ್ಕೆ, ಕೆನಡಾದ ವಿನಿಪೆಗ್ ನಗರಕ್ಕೆ ಹೋಗಬೇಕಾಗುತ್ತದೆ. ಮರಳುಗಾಡಿನಲ್ಲಿ ಮಂಜಿನಾಟ ನಡೆಯುತ್ತದೆಯೇ ಎಂಬುದು ಈ ಕ್ಲಬ್ಬಿನ ಬಗ್ಗೆ ಎಲ್ಲರೂ ಕೇಳುವ ಪ್ರಶ್ನೆ. ಅದಕ್ಕಿಂತ ಹೆಚ್ಚು ಉತ್ತರ ಕೊಡುವ ಪ್ರಶ್ನೆ ಬೇರೆ ಇದೆ: ತಂಡ ಆಡುತ್ತಿದ್ದ ಕಟ್ಟಡ ಯಾರದಾಗಿತ್ತು?

ಏಪ್ರಿಲ್ 18ರಂದು ಆದದ್ದೇನು?

2024ರ ಏಪ್ರಿಲ್ 17ರ ರಾತ್ರಿ ಕಯೋಟೀಸ್ ತನ್ನ ಕೊನೆಯ ಪಂದ್ಯದಲ್ಲಿ ಎಡ್ಮಂಟನ್ ಆಯಿಲರ್ಸ್ ತಂಡವನ್ನು 5–2ರಿಂದ ಸೋಲಿಸಿತು. ಮರುದಿನ ಲೀಗ್‌ನ ಆಡಳಿತ ಮಂಡಳಿ ಎರಡು ಕೆಲಸಗಳನ್ನು ಒಟ್ಟಿಗೆ ಮಾಡಿತು. ಯೂಟಾದ ಉದ್ಯಮಿ ರಯಾನ್ ಸ್ಮಿತ್ ಅವರ ಕಂಪನಿಗೆ ಹೊಸ ಫ್ರಾಂಚೈಸಿ ಕೊಟ್ಟಿತು. ಕಯೋಟೀಸ್‌ನ ‘ಹಾಕಿ ಆಸ್ತಿ’ಯನ್ನು, ಅಂದರೆ ಆಟಗಾರರ ಕರಾರು, ಆಯ್ಕೆಯ ಹಕ್ಕು, ಮುಂದಿನ ಡ್ರಾಫ್ಟ್ (ತಂಡಗಳು ಹೊಸ ಆಟಗಾರರನ್ನು ಸರದಿಯಂತೆ ಆರಿಸಿಕೊಳ್ಳುವ ಪದ್ಧತಿ) ಸರದಿಗಳನ್ನು, ಆ ಹೊಸ ಫ್ರಾಂಚೈಸಿಗೆ ವರ್ಗಾಯಿಸಿತು. ಒಟ್ಟು ಬೆಲೆ 120 ಕೋಟಿ ಡಾಲರ್. ಅದರಲ್ಲಿ 100 ಕೋಟಿ ಕಯೋಟೀಸ್ ಮಾಲೀಕ ಅಲೆಕ್ಸ್ ಮೆರುವೆಲೊ ಅವರಿಗೆ, ಉಳಿದ 20 ಕೋಟಿ ಲೀಗ್‌ನ ಇತರ ಮಾಲೀಕರಿಗೆ.

ಇಷ್ಟಾದರೂ ಕಯೋಟೀಸ್ ಎಂಬ ಹೆಸರು, ಲಾಂಛನ, ಇತಿಹಾಸ ಮೆರುವೆಲೊ ಬಳಿಯೇ ಉಳಿದವು. ಐದು ವರ್ಷಗಳೊಳಗೆ ಹೊಸ ಅರೀನಾ ಕಟ್ಟಿಸಿ, 100 ಕೋಟಿ ಡಾಲರ್ ಹಿಂದಿರುಗಿಸಿದರೆ ಹೊಸ ಆಟಗಾರರೊಂದಿಗೆ ತಂಡವನ್ನು ಮತ್ತೆ ಎಬ್ಬಿಸಬಹುದು ಎಂಬ ಷರತ್ತು ಒಪ್ಪಂದದಲ್ಲಿತ್ತು.

ಐಪಿಎಲ್ ನೋಡುವವರಿಗೆ ಇದು ತೀರಾ ಅಪರಿಚಿತವೇನಲ್ಲ. 2012ರಲ್ಲಿ ಡೆಕ್ಕನ್ ಚಾರ್ಜರ್ಸ್ ಫ್ರಾಂಚೈಸಿ ರದ್ದಾಗಿ, ಅದೇ ಹೈದರಾಬಾದಿನಲ್ಲಿ ಹಲವು ಹಳೆಯ ಆಟಗಾರರನ್ನೇ ಇಟ್ಟುಕೊಂಡು ಸನ್‌ರೈಸರ್ಸ್ ಬಂತು. ಡೆಕ್ಕನ್ 2009ರಲ್ಲಿ ಗೆದ್ದ ಕಪ್ ಮಾತ್ರ ಸನ್‌ರೈಸರ್ಸ್ ಲೆಕ್ಕಕ್ಕೆ ಸೇರಲಿಲ್ಲ. ವ್ಯತ್ಯಾಸವಿಷ್ಟೇ: ಹೈದರಾಬಾದಿನಲ್ಲಿ ಊರು ಉಳಿದು ಫ್ರಾಂಚೈಸಿ ಸತ್ತಿತು. ಅರಿಜೋನಾದಲ್ಲಿ ಆಟಗಾರರು ಹೊರಟುಹೋದರು, ಫ್ರಾಂಚೈಸಿಯನ್ನು ಮಾತ್ರ ಕಾಗದದ ಮೇಲೆ ಜೀವಂತವಾಗಿ ಇಟ್ಟರು.

ಇಷ್ಟು ಸುತ್ತಿ ಬಳಸುವ ಬದಲು ನೇರವಾಗಿ ಸ್ಥಳಾಂತರ ಎಂದು ಘೋಷಿಸಬಹುದಿತ್ತಲ್ಲ? ಮೆರುವೆಲೊ ಅರಿಜೋನಾ ಮಾರುಕಟ್ಟೆಯ ಹಕ್ಕು ಬಿಟ್ಟುಕೊಡಲು ಸಿದ್ಧರಿರಲಿಲ್ಲ. ಲೀಗ್‌ಗೆ ತಂಡವನ್ನು ತಕ್ಷಣ ಅಲ್ಲಿಂದ ಎತ್ತಬೇಕಿತ್ತು, ಆದರೆ ಮತ್ತೊಂದು ಕೋರ್ಟು ಕಚೇರಿ ಅಲೆದಾಟ ಬೇಡವಾಗಿತ್ತು. ಮಾಲೀಕರಿಗೆ ಮರಳುವ ಆಸೆ ಉಳಿಯಿತು, ಲೀಗ್‌ಗೆ ತಲೆನೋವು ತಪ್ಪಿತು. ಯೂಟಾಗೆ ಸೋಲಿನ ಚರಿತ್ರೆಯ ಹೊರೆಯಿಲ್ಲದ ತಂಡ ಸಿಕ್ಕಿತು.

ವಿನಿಪೆಗ್: ಹತ್ತು ಲಕ್ಷದ ಚೆಕ್

ಮೂಲ ಕ್ಲಬ್ಬಿನ ಹೆಸರು ವಿನಿಪೆಗ್ ಜೆಟ್ಸ್. ಅದು ಎನ್‌ಎಚ್‌ಎಲ್‌ನಲ್ಲಿ ಹುಟ್ಟಿದ್ದಲ್ಲ. ಎನ್‌ಎಚ್‌ಎಲ್‌ಗೆ ಸಡ್ಡು ಹೊಡೆದು 1972ರಲ್ಲಿ ಆಟ ಆರಂಭಿಸಿದ ವರ್ಲ್ಡ್ ಹಾಕಿ ಅಸೋಸಿಯೇಷನ್ (ಡಬ್ಲ್ಯುಎಚ್‌ಎ) ಎಂಬ ಬಂಡಾಯ ಲೀಗ್‌ನ ತಂಡ ಅದು. ಹೊಸ ಲೀಗನ್ನು ಜನ ಗಂಭೀರವಾಗಿ ತೆಗೆದುಕೊಳ್ಳಬೇಕಾದರೆ ಒಬ್ಬ ದೊಡ್ಡ ಆಟಗಾರ ಬೇಕಿತ್ತು. ಜೆಟ್ಸ್ ಮಾಲೀಕ ಬೆನ್ ಹ್ಯಾಟ್ಸ್‌ಕಿನ್ ಕಣ್ಣು ಷಿಕಾಗೊದ ತಾರೆ ಬಾಬಿ ಹಲ್ ಮೇಲೆ ಬಿತ್ತು. ಹತ್ತು ವರ್ಷಕ್ಕೆ 27.5 ಲಕ್ಷ ಡಾಲರ್ ಕರಾರು, ಅದರಲ್ಲಿ 10 ಲಕ್ಷ ಸಹಿ ಹಾಕಿದ ಕೂಡಲೇ. ಆ 10 ಲಕ್ಷ ಒಬ್ಬ ಮಾಲೀಕನಿಗೆ ಭಾರವಾಗಿದ್ದರಿಂದ ಲೀಗ್‌ನ ಉಳಿದ ಕ್ಲಬ್ಬುಗಳೂ ಕೈಜೋಡಿಸಿದವು. ಪ್ರತಿಸ್ಪರ್ಧಿ ಕ್ಲಬ್ಬುಗಳೇ ಚಂದಾ ಎತ್ತಿ ಎದುರಾಳಿಗೆ ಆಟಗಾರನನ್ನು ಕೊಡಿಸಿದ ಉದಾಹರಣೆ ಕ್ರೀಡಾ ಇತಿಹಾಸದಲ್ಲಿ ಅಪರೂಪ.

ಇದರ ಪರಿಣಾಮ ಇಡೀ ಆಟದ ಮೇಲಾಯಿತು. ಎರಡು ಲೀಗ್‌ಗಳು ಆಟಗಾರರಿಗಾಗಿ ಪೈಪೋಟಿಗೆ ಬಿದ್ದು ಸಂಬಳಗಳು ಏರಿದವು. ಮುಂದೆ ಜೆಟ್ಸ್ ಸ್ವೀಡನ್ನಿನ ಆಂಡರ್ಸ್ ಹೆಡ್‌ಬರ್ಗ್, ಉಲ್ಫ್ ನಿಲ್ಸನ್ ಅವರನ್ನು ಕರೆತಂದು ಹಲ್ ಜೊತೆ ಆಡಿಸಿತು. ಯುರೋಪಿನವರು ಒರಟು ಆಟ ತಡೆಯಲಾರರು ಎಂದು ಉತ್ತರ ಅಮೆರಿಕದಲ್ಲಿ ಎಲ್ಲರೂ ನಂಬಿದ್ದ ಕಾಲ ಅದು. 1976, 1978, 1979ರಲ್ಲಿ ಜೆಟ್ಸ್ ಡಬ್ಲ್ಯುಎಚ್‌ಎ ಪ್ರಶಸ್ತಿಯಾದ ಅವ್ಕೊ ಕಪ್ ಗೆದ್ದಿತು. ಈ ಕ್ಲಬ್ ತನ್ನ ಇಡೀ ಬದುಕಿನಲ್ಲಿ ಗೆದ್ದ ಕಪ್‌ಗಳು ಇವಿಷ್ಟೇ. ಎನ್‌ಎಚ್‌ಎಲ್ ಪ್ರಶಸ್ತಿಯಾದ ಸ್ಟ್ಯಾನ್ಲಿ ಕಪ್‌ನ ಫೈನಲ್ ತನಕವೂ ಅದು ಎಂದೂ ಹೋಗಲಿಲ್ಲ.

1979ರಲ್ಲಿ ಡಬ್ಲ್ಯುಎಚ್‌ಎ ಮುಚ್ಚಿತು. ಅದರ ನಾಲ್ಕು ಕ್ಲಬ್ಬುಗಳನ್ನು, ಎಂದರೆ ಎಡ್ಮಂಟನ್, ಕ್ವಿಬೆಕ್, ಹಾರ್ಟ್‌ಫರ್ಡ್ ಮತ್ತು ವಿನಿಪೆಗ್ ತಂಡಗಳನ್ನು, ಎನ್‌ಎಚ್‌ಎಲ್ ಒಳಗೆ ಬಿಟ್ಟುಕೊಂಡಿತು. ಬಾಗಿಲು ತೆರೆದ ರೀತಿ ಮಾತ್ರ ಸೇಡಿನಂತಿತ್ತು. ಹಳೆಯ ಎನ್‌ಎಚ್‌ಎಲ್ ಕ್ಲಬ್ಬುಗಳು ತಮ್ಮಿಂದ ಹೋಗಿದ್ದ ಆಟಗಾರರನ್ನು ವಾಪಸು ಎಳೆದುಕೊಳ್ಳಬಹುದಿತ್ತು. ಹೊಸದಾಗಿ ಬಂದವರು ಉಳಿಸಿಕೊಳ್ಳಬಹುದಾಗಿದ್ದು ಬೆರಳೆಣಿಕೆಯಷ್ಟು ಮಂದಿಯನ್ನು. ಹಿಂದಿನ ಋತುವಿನ ಚಾಂಪಿಯನ್ ತಂಡ ರಾತ್ರೋರಾತ್ರಿ ಬರಿದಾಯಿತು. 1980–81ರ ಋತುವಿನಲ್ಲಿ 80 ಪಂದ್ಯಗಳಲ್ಲಿ ಜೆಟ್ಸ್ ಗೆದ್ದದ್ದು 9. ಸತತ 30 ಪಂದ್ಯಗಳಲ್ಲಿ ಒಂದು ಗೆಲುವೂ ಇಲ್ಲ.

ಅಷ್ಟು ಸೋತಿದ್ದಕ್ಕೆ 1981ರ ಡ್ರಾಫ್ಟ್‌ನಲ್ಲಿ ಮೊದಲ ಸರದಿ ಸಿಕ್ಕಿ ಡೇಲ್ ಹಾವರ್ಚಕ್ ಬಂದರು, ತಂಡ ಚೇತರಿಸಿಕೊಂಡಿತು. 1987ರ ಪ್ಲೇಆಫ್‌ನಲ್ಲಿ ಕ್ಯಾಲ್ಗರಿ ವಿರುದ್ಧ ಪ್ರೇಕ್ಷಕರೆಲ್ಲ ಬಿಳಿ ಬಟ್ಟೆ ಉಟ್ಟು ಬಂದ ‘ವೈಟ್‌ಔಟ್’ ಸಂಪ್ರದಾಯ ಇಂದಿಗೂ ಆ ಊರಿನ ಗುರುತು. 1992–93ರಲ್ಲಿ ಫಿನ್ಲೆಂಡಿನ ಟೇಮು ಸೆಲಾನೆ ಚೊಚ್ಚಲ ಋತುವಿನಲ್ಲೇ 76 ಗೋಲ್ ಹೊಡೆದ ದಾಖಲೆಯನ್ನು ಇದುವರೆಗೆ ಯಾರೂ ಮುರಿದಿಲ್ಲ. ಆದರೂ 1980ರ ದಶಕದಲ್ಲಿ ಪ್ಲೇಆಫ್‌ಗೆ ಬಂದಾಗ ಹೆಚ್ಚಾಗಿ ದಾರಿಯಲ್ಲಿ ಅಡ್ಡ ನಿಲ್ಲುತ್ತಿದ್ದುದು ಹಾಕಿಯ ದಂತಕಥೆ ವೇಯ್ನ್ ಗ್ರೆಟ್ಸ್ಕಿ ಅವರ ಎಡ್ಮಂಟನ್.

ಕೆನಡಾ ಡಾಲರಿನಲ್ಲಿ ಗಳಿಕೆ, ಅಮೆರಿಕ ಡಾಲರಿನಲ್ಲಿ ಖರ್ಚು

ವಿನಿಪೆಗ್ ಜೆಟ್ಸನ್ನು ಕಳೆದುಕೊಂಡದ್ದು ಆಸಕ್ತಿ ಇಲ್ಲದೆ ಅಲ್ಲ. ಟಿಕೆಟ್ ಮಾರಾಟದ ಹಣ ಬರುತ್ತಿದ್ದುದು ಕೆನಡಾ ಡಾಲರಿನಲ್ಲಿ, ಆಟಗಾರರ ಸಂಬಳ ಹೋಗುತ್ತಿದ್ದುದು ಅಮೆರಿಕ ಡಾಲರಿನಲ್ಲಿ. 1990ರ ದಶಕದ ನಡುವೆ ಕೆನಡಾ ಡಾಲರ್ ಅಮೆರಿಕದ 73 ಸೆಂಟಿನ ಆಸುಪಾಸಿಗೆ ಇಳಿದಿತ್ತು. ಹೀಗಾಗಿ 100 ಡಾಲರ್ ಸಂಬಳ ಕೊಡಲು ಸುಮಾರು 137 ಕೆನಡಾ ಡಾಲರ್ ಗಳಿಸಬೇಕಿತ್ತು. ಆಗ ಲೀಗ್‌ನಲ್ಲಿ ಸಂಬಳಕ್ಕೆ ಮಿತಿಯೂ ಇರಲಿಲ್ಲ, ಆದ್ದರಿಂದ ನ್ಯೂಯಾರ್ಕಿನಂಥ ಶ್ರೀಮಂತ ಕ್ಲಬ್ ಕೊಟ್ಟಷ್ಟೇ ವಿನಿಪೆಗ್ ಕೂಡ ಕೊಡಬೇಕಾಗುತ್ತಿತ್ತು. ಅದರ ಮೇಲೆ ಹಳೆಯ ವಿನಿಪೆಗ್ ಅರೀನಾದಲ್ಲಿ ಕಂಪನಿಗಳಿಗೆ ದುಬಾರಿ ಬೆಲೆಗೆ ಬಾಡಿಗೆ ಕೊಡುವಂಥ ಐಷಾರಾಮಿ ಕೊಠಡಿಗಳಿಗೆ ಜಾಗ ಸಾಲದು. ಹೊಸ ಅರೀನಾಗೆ ದುಡ್ಡು ಯಾರು ಹಾಕಬೇಕು ಎಂಬ ವಾದ ವರ್ಷಗಟ್ಟಲೆ ನಡೆಯಿತು. 1995ರಲ್ಲಿ ಜನ ಬೀದಿಗಿಳಿದರು, ಮಕ್ಕಳು ಹುಂಡಿ ಒಡೆದು ಕಾಸು ತಂದರು. ಒಂದು ವರ್ಷ ಗಡುವು ಸಿಕ್ಕಿತು, ಅಷ್ಟೇ.

1996ರಲ್ಲಿ ತಂಡ ಅಮೆರಿಕದ ಹೂಡಿಕೆದಾರರ ಪಾಲಾಗಿ ಅರಿಜೋನಾದ ಫೀನಿಕ್ಸ್ ಸೇರಿತು. ಇದು ಒಂಟಿ ಪ್ರಕರಣವೂ ಆಗಿರಲಿಲ್ಲ. 1995ರಲ್ಲಿ ಕ್ವಿಬೆಕ್ ತಂಡ ಕೊಲರಾಡೊಗೆ, 1997ರಲ್ಲಿ ಹಾರ್ಟ್‌ಫರ್ಡ್ ತಂಡ ಉತ್ತರ ಕೆರೊಲಿನಾಗೆ ಹೋಯಿತು. ಡಬ್ಲ್ಯುಎಚ್‌ಎಯಿಂದ ಬಂದ ನಾಲ್ಕರಲ್ಲಿ ತನ್ನೂರಲ್ಲಿ ಉಳಿದದ್ದು ಎಡ್ಮಂಟನ್ ಒಂದೇ.

ಬ್ಯಾಸ್ಕೆಟ್‌ಬಾಲ್ ಮನೆಯಲ್ಲಿ ಹಾಕಿ

ಫೀನಿಕ್ಸ್ ಆಗಲೇ ಬಹಳ ವೇಗವಾಗಿ ಬೆಳೆಯುತ್ತಿದ್ದ ಊರು. ಷಿಕಾಗೊ, ಮಿನ್ನೆಸೋಟ, ಕೆನಡಾ ಕಡೆಗಳಿಂದ ಚಳಿ ತಾಳದೆ ಬಂದು ನೆಲೆಸಿದ ಹಾಕಿ ಪ್ರಿಯರೂ ಅಲ್ಲಿ ಸಾಕಷ್ಟಿದ್ದರು. ಜನ ಬಂದರು ಕೂಡ. ತೊಂದರೆ ಇದ್ದುದು ಕಟ್ಟಡದಲ್ಲಿ. ಅಮೆರಿಕ ವೆಸ್ಟ್ ಅರೀನಾ ಕಟ್ಟಿದ್ದು ಫೀನಿಕ್ಸ್ ಸನ್ಸ್ ಎಂಬ ಬ್ಯಾಸ್ಕೆಟ್‌ಬಾಲ್ ತಂಡಕ್ಕಾಗಿ. ಬ್ಯಾಸ್ಕೆಟ್‌ಬಾಲ್ ಅಂಕಣದ ಉದ್ದ ಸುಮಾರು 29 ಮೀಟರ್, ಎನ್‌ಎಚ್‌ಎಲ್ ಹಾಕಿಯ ಮಂಜಿನಂಕಣದ್ದು ಸುಮಾರು 61 ಮೀಟರ್, ಅಗಲ 26. ಚಿಕ್ಕ ಅಂಕಣಕ್ಕೆ ಹತ್ತಿರವಾಗಿ ಜೋಡಿಸಿದ ಆಸನಗಳ ನಡುವೆ ದೊಡ್ಡ ಅಂಕಣವನ್ನು ತುರುಕಿದಾಗ ಒಂದು ತುದಿಯ ಮೇಲಂತಸ್ತಿನಲ್ಲಿ ಕೂತವರಿಗೆ ಕೆಳಗಿನ ಗೋಲೇ ಕಾಣುತ್ತಿರಲಿಲ್ಲ. ಅಂಥ ಸಾವಿರಾರು ಟಿಕೆಟ್‌ಗಳನ್ನು ಅಗ್ಗಕ್ಕೆ ಮಾರಬೇಕಾಯಿತು. ಕಟ್ಟಡ ಸನ್ಸ್ ತಂಡದವರ ಹಿಡಿತದಲ್ಲಿದ್ದುದರಿಂದ ಬಾಡಿಗೆದಾರರಾದ ಕಯೋಟೀಸ್‌ಗೆ ಪಾರ್ಕಿಂಗ್, ತಿಂಡಿ ಅಂಗಡಿ, ಜಾಹೀರಾತುಗಳ ಆದಾಯದಲ್ಲೂ ದೊಡ್ಡ ಪಾಲು ಸಿಗಲಿಲ್ಲ.

ಸ್ವಂತ ಅರೀನಾ ಬೇಕು ಎಂಬ ಹಟ ಹುಟ್ಟಿದ್ದು ಇಲ್ಲಿಂದ. 2001ರಲ್ಲಿ ರಿಯಲ್ ಎಸ್ಟೇಟ್ ಉದ್ಯಮಿ ಸ್ಟೀವ್ ಎಲ್ಮನ್ ತಂಡವನ್ನು ಕೊಂಡರು, ಗ್ರೆಟ್ಸ್ಕಿ ಪಾಲುದಾರರಾದರು. ಮೊದಲ ಯೋಜನೆ ಇದ್ದುದು ಊರಿನ ಪೂರ್ವಕ್ಕಿರುವ ಸ್ಕಾಟ್ಸ್‌ಡೇಲ್‌ನಲ್ಲಿ. ಹಣವಂತರು, ಕಂಪನಿಗಳ ಅಧಿಕಾರಿಗಳು, ಋತುವಿಡೀ ಟಿಕೆಟ್ ಕೊಳ್ಳುವವರು ಹೆಚ್ಚಾಗಿ ಇದ್ದುದೂ ಅದೇ ಭಾಗದಲ್ಲಿ. ಅಲ್ಲಿ ವ್ಯವಹಾರ ಕುದುರಲಿಲ್ಲ. ಪಶ್ಚಿಮದ ಇನ್ನೊಂದು ತುದಿಯಲ್ಲಿರುವ ಗ್ಲೆಂಡೇಲ್ ನಗರ ಕೈಬೀಸಿ ಕರೆಯಿತು.

ಗ್ಲೆಂಡೇಲ್ ಕಟ್ಟಿಕೊಂಡ ಸಾಲ

2003ರ ಡಿಸೆಂಬರಿನಲ್ಲಿ ತೆರೆದ ಗ್ಲೆಂಡೇಲ್ ಅರೀನಾಗೆ ತಗುಲಿದ ಖರ್ಚು 22 ಕೋಟಿ ಡಾಲರ್. ಅದರಲ್ಲಿ 18 ಕೋಟಿ ನಗರಾಡಳಿತದ್ದೇ. ಸುಮಾರು ಎರಡೂವರೆ ಲಕ್ಷ ಜನರಿರುವ ಊರು ಹೊತ್ತ ಭಾರ ಅದು. ಅರೀನಾ ಬಂದರೆ ಸುತ್ತ ಅಂಗಡಿ, ಹೋಟೆಲು, ಮನೆಗಳು ಏಳುತ್ತವೆ, ಅವುಗಳ ತೆರಿಗೆಯಿಂದ ಸಾಲ ತೀರುತ್ತದೆ ಎಂಬುದು ಲೆಕ್ಕ. ಒಳಗೆ ಕೂತವರಿಗೆ ಅರೀನಾ ಚೆನ್ನಾಗಿಯೇ ಇತ್ತು, ಎಲ್ಲ ಆಸನಗಳಿಂದಲೂ ಆಟ ಕಾಣುತ್ತಿತ್ತು. ಆದರೆ ವಾರದ ನಡುವಿನ ಸಂಜೆ ಸ್ಕಾಟ್ಸ್‌ಡೇಲ್‌ನಿಂದ ಕಚೇರಿ ಬಿಡುವ ಹೊತ್ತಿನ ವಾಹನ ದಟ್ಟಣೆ ದಾಟಿ ಅಲ್ಲಿಗೆ ಬರುವವರು ಕಡಿಮೆಯಾದರು. ಟಿಕೆಟ್ ಖರ್ಚಾಗದೆ ನಷ್ಟ, ನಷ್ಟದಿಂದ ಒಳ್ಳೆಯ ಆಟಗಾರರಿಗೆ ದುಡ್ಡಿಲ್ಲ, ಆಟಗಾರರಿಲ್ಲದೆ ಸೋಲು, ಸೋತ ತಂಡವನ್ನು ನೋಡಲು ದೂರದಿಂದ ಬರುವವರಿಲ್ಲ. ಗ್ರೆಟ್ಸ್ಕಿ 2005ರಿಂದ ನಾಲ್ಕು ಋತು ಕೋಚ್ ಆಗಿದ್ದರೂ ಒಮ್ಮೆಯೂ ಪ್ಲೇಆಫ್ ತಲುಪಲಾಗಲಿಲ್ಲ. ಆಟದ ಚರಿತ್ರೆಯಲ್ಲೇ ಅತಿ ದೊಡ್ಡ ಹೆಸರಿನಿಂದಲೂ ಆ ಸುಳಿಯಿಂದ ತಂಡವನ್ನು ಹೊರಗೆಳೆಯಲಾಗಲಿಲ್ಲ.

ದಿವಾಳಿ ಕೋರ್ಟಿನಲ್ಲಿ ಲೀಗ್

2009ರ ಮೇ 5ರಂದು ಆಗಿನ ಮಾಲೀಕ ಜೆರಿ ಮೋಯಸ್ ತಂಡವನ್ನು ದಿವಾಳಿ ರಕ್ಷಣೆಗೆ ಒಯ್ದರು. ಜೊತೆಗೇ ಒಬ್ಬ ಖರೀದಿದಾರರನ್ನೂ ತಂದಿದ್ದರು: ಬ್ಲ್ಯಾಕ್‌ಬೆರಿ ಫೋನ್ ಕಂಪನಿಯ ಮುಖ್ಯಸ್ಥರಲ್ಲಿ ಒಬ್ಬರಾದ ಕೆನಡಾದ ಜಿಮ್ ಬಾಲ್ಸಿಲಿ. ಅವರು ಕೊಡಲು ಬಂದದ್ದು 21.25 ಕೋಟಿ ಡಾಲರ್, ಷರತ್ತು ಒಂದೇ: ತಂಡ ಟೊರೊಂಟೊ ಬಳಿಯ ಹ್ಯಾಮಿಲ್ಟನ್‌ಗೆ ಹೋಗಬೇಕು.

ವ್ಯಾಪಾರದ ಕಣ್ಣಿಗೆ ಇದು ಒಳ್ಳೆಯ ಕೊಡುಗೆ. ಹ್ಯಾಮಿಲ್ಟನ್‌ನಲ್ಲಿ ಟಿಕೆಟ್ ಉಳಿಯುತ್ತಲೇ ಇರಲಿಲ್ಲ. ಆದರೂ ಲೀಗ್ ಬಲವಾಗಿ ವಿರೋಧಿಸಿತು. ನಮ್ಮ ಕೂಟದಲ್ಲಿ ಯಾರು ಮಾಲೀಕರಾಗಬೇಕು, ತಂಡ ಯಾವ ಊರಲ್ಲಿರಬೇಕು ಎಂದು ತೀರ್ಮಾನಿಸುವವರು ನಾವು. ದಿವಾಳಿ ಅರ್ಜಿಯ ಹಿಂಬಾಗಿಲಿನಿಂದ ಅದನ್ನು ಕಸಿಯಲು ಬಿಟ್ಟರೆ ನಾಳೆ ಪ್ರತಿಯೊಬ್ಬ ಮಾಲೀಕನೂ ಅದೇ ದಾರಿ ಹಿಡಿಯುತ್ತಾನೆ ಎಂಬುದು ಅದರ ವಾದದ ತಿರುಳು. ನ್ಯಾಯಾಧೀಶ ರೆಡ್‌ಫೀಲ್ಡ್ ಬೌಮ್ ಬಾಲ್ಸಿಲಿ ಅವರ ಬಿಡ್ ತಳ್ಳಿಹಾಕಿದರು. ಕೊನೆಗೆ ಲೀಗ್ ತಾನೇ ಸುಮಾರು 14 ಕೋಟಿ ಡಾಲರಿಗೆ ತಂಡವನ್ನು ಕೊಂಡಿತು.

ಮುಂದಿನದು ಇನ್ನೂ ವಿಚಿತ್ರ. ತಂಡ ಬಿಟ್ಟುಹೋದರೆ ಖಾಲಿ ಅರೀನಾದ ಸಾಲ ತಲೆ ಮೇಲೆ ಬೀಳುತ್ತದೆ ಎಂಬ ಭಯಕ್ಕೆ ಗ್ಲೆಂಡೇಲ್ ನಗರ ಎರಡು ಋತುಗಳಿಗೆ ವರ್ಷಕ್ಕೆ 2.5 ಕೋಟಿ ಡಾಲರಿನಂತೆ ಲೀಗ್‌ಗೇ ಹಣ ಕೊಟ್ಟಿತು. ಕಟ್ಟಡದ ಒಡೆಯನೇ ಬಾಡಿಗೆದಾರನಿಗೆ ದುಡ್ಡು ಎಣಿಸಿ ಕೊಡುವ ಸ್ಥಿತಿ. ಅಚ್ಚರಿಯೆಂದರೆ ಮಾಲೀಕರೇ ಇಲ್ಲದ ಈ ಅವಧಿಯಲ್ಲೇ ತಂಡ ಅತ್ಯುತ್ತಮವಾಗಿ ಆಡಿತು. 2012ರಲ್ಲಿ ವೆಸ್ಟರ್ನ್ ಕಾನ್ಫರೆನ್ಸ್ ಫೈನಲ್, ಅಂದರೆ ಸ್ಟ್ಯಾನ್ಲಿ ಕಪ್ ಫೈನಲ್‌ಗೆ ಹಿಂದಿನ ಹಂತ, ತಲುಪಿತು.

2013ರಲ್ಲಿ ಹೊಸ ಮಾಲೀಕರು ಬಂದರು. ಗ್ಲೆಂಡೇಲ್ ಜೊತೆ 15 ವರ್ಷಗಳ, 22.5 ಕೋಟಿ ಡಾಲರ್ ಮೊತ್ತದ ಅರೀನಾ ನಿರ್ವಹಣೆ ಕರಾರಾಯಿತು. 2014ರಲ್ಲಿ ‘ಫೀನಿಕ್ಸ್’ ಹೋಗಿ ‘ಅರಿಜೋನಾ’ ಕಯೋಟೀಸ್ ಆಯಿತು. 2015ರ ಜೂನ್‌ನಲ್ಲಿ ನಗರಸಭೆ ಆ ಕರಾರನ್ನೇ ರದ್ದುಮಾಡಿತು. ಕರಾರಿನ ಕೆಲಸದಲ್ಲಿ ತೊಡಗಿದ್ದ ನಗರದ ಮಾಜಿ ಅಧಿಕಾರಿ ನಂತರ ತಂಡದ ಕೆಲಸಕ್ಕೆ ಸೇರಿದ್ದು ಹಿತಾಸಕ್ತಿ ಸಂಘರ್ಷ ಎಂಬ ಕಾನೂನಿನ ಎಳೆ ಅದಕ್ಕೆ ಆಧಾರವಾಯಿತು. ಸಾಲದಿಂದ ಬೇಸತ್ತ ನಗರ ಹೊರಬರಲು ಹುಡುಕಿದ ದಾರಿ ಅದು ಎಂದು ಓದುವುದು ಸರಿ. ಅಲ್ಲಿಂದ ಮುಂದೆ ಎಲ್ಲವೂ ಸಣ್ಣ ಅವಧಿಯ ಗುತ್ತಿಗೆ. 2019ರಲ್ಲಿ ಮೆರುವೆಲೊ ಬಂದರು. 2021ರ ಆಗಸ್ಟ್‌ನಲ್ಲಿ ಗ್ಲೆಂಡೇಲ್ ಇನ್ನು ಗುತ್ತಿಗೆ ನವೀಕರಿಸುವುದಿಲ್ಲ ಎಂದಿತು. ಅದೇ ಡಿಸೆಂಬರಿನಲ್ಲಿ ತೆರಿಗೆ ಬಾಕಿಗಾಗಿ ಬಾಗಿಲಿಗೆ ಬೀಗ ಹಾಕುವ ಎಚ್ಚರಿಕೆಯನ್ನೂ ಕೊಟ್ಟಿತು.

ಟೆಂಪೆಯ ಮತಪೆಟ್ಟಿಗೆ

2022ರಿಂದ ಕಯೋಟೀಸ್ ಆಡಿದ್ದು ಟೆಂಪೆ ನಗರದ ಅರಿಜೋನಾ ಸ್ಟೇಟ್ ಯೂನಿವರ್ಸಿಟಿಯ ಮಲೆಟ್ ಅರೀನಾದಲ್ಲಿ. ಸುಮಾರು 4,600 ಆಸನಗಳ ಕಾಲೇಜು ಮಟ್ಟದ ಅಂಗಳ. ಲೀಗ್‌ನ ಉಳಿದ ಅರೀನಾಗಳಲ್ಲಿ ಇದರ ಮೂರು–ನಾಲ್ಕು ಪಟ್ಟು ಜನ ಹಿಡಿಯುತ್ತಾರೆ. ಹೊಸ ಅರೀನಾ ಏಳುವ ತನಕ ಅಷ್ಟೇ ಎಂದು ಎಲ್ಲರೂ ಸಹಿಸಿಕೊಂಡರು.

ಹೊಸ ಅರೀನಾ ಏಳಬೇಕಾಗಿದ್ದುದು ಟೆಂಪೆಯಲ್ಲೇ, ಹಿಂದೆ ಕಸ ಸುರಿಯುತ್ತಿದ್ದ 46 ಎಕರೆ ಜಾಗದಲ್ಲಿ. ಅರೀನಾ, ಮನೆಗಳು, ಹೋಟೆಲು, ಅಂಗಡಿ ಸೇರಿ 210 ಕೋಟಿ ಡಾಲರ್ ಯೋಜನೆ. ಬಂಡವಾಳ ಖಾಸಗಿಯವರದೇ ಎಂದು ಕ್ಲಬ್ ಹೇಳಿತು. ತೆರಿಗೆ ವಿನಾಯಿತಿ, ಜಾಗ ಶುದ್ಧಿಗೆ ಬಾಂಡ್ ಎಂದು ನಗರದ ಬೊಕ್ಕಸಕ್ಕೇ ಕೈ ಹಾಕುತ್ತಿದ್ದಾರೆ ಎಂದು ವಿರೋಧಿಗಳು ಹೇಳಿದರು. ವಿಮಾನಗಳು ಹಾರುವ ಹಾದಿಯ ಕೆಳಗೆ ಮನೆ ಕಟ್ಟಬಾರದು ಎಂದು ಸ್ಕೈ ಹಾರ್ಬರ್ ವಿಮಾನ ನಿಲ್ದಾಣದ ಒಡೆತನವಿರುವ ಫೀನಿಕ್ಸ್ ನಗರ ಟೆಂಪೆ ಮೇಲೆ ದಾವೆ ಹೂಡಿತು. ನಗರಸಭೆ ಒಪ್ಪಿದ್ದ ಯೋಜನೆ ಜನಮತಕ್ಕೆ ಹೋಯಿತು. 2023ರ ಮೇ 16ರಂದು ಮತಕ್ಕಿಟ್ಟ ಮೂರೂ ಪ್ರಸ್ತಾವಗಳು ಬಿದ್ದುಹೋದವು, ಸುಮಾರು ಶೇ 56ರಷ್ಟು ಮತ ವಿರುದ್ಧ.

ಗ್ಲೆಂಡೇಲ್ ಇಪ್ಪತ್ತು ವರ್ಷ ಪಟ್ಟ ಪಾಡು ಟೆಂಪೆಯ ಮತದಾರರ ಕಣ್ಣ ಮುಂದೆಯೇ ಇತ್ತು ಎಂಬುದನ್ನು ಮರೆಯಬಾರದು. ಆಮೇಲೆ ಉಳಿದಿದ್ದು ಉತ್ತರ ಫೀನಿಕ್ಸಿನ ಸುಮಾರು 95 ಎಕರೆ ಸರ್ಕಾರಿ ಭೂಮಿಯ ಹರಾಜು. ಆ ಹರಾಜಿನ ದಿನ ಬರುವುದರೊಳಗೆ ಆಟಗಾರರ ಸಂಘದ ಸಹನೆ ಮುಗಿದಿತ್ತು, ಯೂಟಾದಿಂದ ದುಡ್ಡು ಸಿದ್ಧವಾಗಿತ್ತು. ತಂಡ ಕೈಬಿಟ್ಟ ಮೇಲೂ ಮೆರುವೆಲೊ ಆ ಹರಾಜಿಗಾಗಿ ಕಾದಿದ್ದರು. 2024ರ ಜೂನ್‌ನಲ್ಲಿ ಅರಿಜೋನಾ ರಾಜ್ಯದ ಭೂ ಇಲಾಖೆ ಅದನ್ನೂ ರದ್ದುಮಾಡಿತು. ಐದು ವರ್ಷದ ಹಕ್ಕನ್ನು ಅವರು ಎರಡೇ ತಿಂಗಳಲ್ಲಿ ಬಿಟ್ಟುಕೊಟ್ಟರು. ಕಯೋಟೀಸ್ ಹೆಸರು ಲೀಗ್‌ನ ಕೈಗೆ ಹೋಯಿತು.

ತಪ್ಪು ಯಾರದು?

ಕೆನಡಾದ ಬಹುಪಾಲು ಅಭಿಮಾನಿಗಳ ತೀರ್ಪು ಸರಳ: ಮರಳುಗಾಡಿನಲ್ಲಿ ಹಾಕಿ ಬೆಳೆಯದು, ಲೀಗ್ ಕಮಿಷನರ್ ಗ್ಯಾರಿ ಬೆಟ್‌ಮನ್ ಹಟಕ್ಕೆ ಬಿದ್ದು ಕಾಲು ಶತಮಾನ ಹಾಳುಮಾಡಿದರು. ಈ ವಾದಕ್ಕೆ ಲಾಸ್ ವೇಗಸ್ ಅಡ್ಡ ಬರುತ್ತದೆ. ಅದೂ ಮರಳುಗಾಡೇ. 2017ರಲ್ಲಿ ಅಲ್ಲಿ ಶುರುವಾದ ಗೋಲ್ಡನ್ ನೈಟ್ಸ್ 2023ರಲ್ಲಿ ಸ್ಟ್ಯಾನ್ಲಿ ಕಪ್ ಗೆದ್ದಿತು, ಅದರ ಅರೀನಾ ತುಂಬುತ್ತದೆ. ಆ ಅರೀನಾ ಇರುವುದು ಊರ ನಟ್ಟನಡುವೆ, ಕಟ್ಟಿದ್ದು ಖಾಸಗಿ ಹಣದಿಂದ. ಇನ್ನು ಆಟ ಬೇರುಬಿಡಲಿಲ್ಲ ಎನ್ನುವವರು ಸ್ಕಾಟ್ಸ್‌ಡೇಲ್‌ನಲ್ಲಿ ಕಯೋಟೀಸ್ ಪಂದ್ಯ ನೋಡುತ್ತ ಬೆಳೆದ ಆಸ್ಟನ್ ಮ್ಯಾಥ್ಯೂಸ್ 2016ರ ಡ್ರಾಫ್ಟ್‌ನಲ್ಲಿ ಮೊದಲಿಗರಾಗಿ ಟೊರೊಂಟೊ ಸೇರಿದ್ದನ್ನು ನೆನಪಿಸಿಕೊಳ್ಳಬೇಕು.

ಅರಿಜೋನಾ ಅಭಿಮಾನಿಗಳು ಮಾಲೀಕರನ್ನು ದೂರುತ್ತಾರೆ. ಹೆಚ್ಚು ನ್ಯಾಯ ಈ ಕಡೆಗಿದೆ, ಆದರೆ ಪೂರ್ತಿ ಇಲ್ಲ. ಮಾಲೀಕರು ಬದಲಾದಂತೆಲ್ಲ ಪಾಠ ಒಂದೇ ಆಗಿತ್ತು: ಕಟ್ಟಡದ ಆದಾಯ ಕೈಯಲ್ಲಿಲ್ಲದ ಕ್ಲಬ್ ಬಾಳುವುದು ಕಷ್ಟ, ಕಟ್ಟಡವನ್ನು ನಗರದ ದುಡ್ಡಿನಲ್ಲಿ ಎಬ್ಬಿಸಿದರೆ ನಗರ ಬಾಳುವುದು ಕಷ್ಟ. ಕ್ರೀಡಾಂಗಣಕ್ಕೆ ಸುರಿದ ಸಾರ್ವಜನಿಕ ಹಣ ಊರಿಗೆ ವಾಪಸು ಬರುವುದಿಲ್ಲ ಎನ್ನುವುದರಲ್ಲಿ ಅರ್ಥಶಾಸ್ತ್ರಜ್ಞರ ನಡುವೆ ಅಪರೂಪದ ಒಮ್ಮತವಿದೆ.

ಲೀಗ್‌ನ ಸಮರ್ಥನೆಗೂ ಹುರುಳಿದೆ: ಅಷ್ಟು ದೊಡ್ಡ ನಗರವನ್ನು ಬಿಟ್ಟರೆ ರಾಷ್ಟ್ರಮಟ್ಟದ ಟಿ.ವಿ. ಹಕ್ಕಿನ ಬೆಲೆಗೆ ಪೆಟ್ಟು. ಆದರೆ 2009ರಲ್ಲಿ 21.25 ಕೋಟಿ ಬೇಡವೆಂದು ಉಳಿಸಿಕೊಂಡದ್ದನ್ನು 2024ರಲ್ಲಿ 120 ಕೋಟಿಗೆ ಬಿಟ್ಟುಕೊಟ್ಟಿತು ಎಂಬುದೂ ಅಷ್ಟೇ ನಿಜ. ಬಹುಪಾಲು ವರ್ಷ ಸೋಲುತ್ತಿದ್ದ, ನಷ್ಟದಲ್ಲಿದ್ದ, ಮನೆಯಿಲ್ಲದ ಕ್ಲಬ್ಬಿನ ಬೆಲೆ ಇಷ್ಟು ಏರಿತು. ಯಾಕೆಂದರೆ ಮಾರಾಟವಾದದ್ದು ಲೀಗ್‌ನಲ್ಲಿ ಒಂದು ಜಾಗ, ಅಂಥ ಜಾಗಗಳು 32 ಮಾತ್ರ.

ಸಾಲ್ಟ್ ಲೇಕ್‌ನಲ್ಲಿ ಅದೇ ಆಟ, ಬೇರೆ ನಿಯಮ

ಯೂಟಾ ತನ್ನ ಮೊದಲ ಪಂದ್ಯವನ್ನು 2024ರ ಅಕ್ಟೋಬರ್ 8ರಂದು ಷಿಕಾಗೊ ವಿರುದ್ಧ 5–2ರಿಂದ ಗೆದ್ದಿತು. ಮೊದಲ ಗೋಲ್ ಡಿಲನ್ ಗೆಂತರ್ ಅವರದು. ಆಡಿದ್ದು ಡೆಲ್ಟಾ ಸೆಂಟರ್‌ನಲ್ಲಿ. ಅದೂ ಬ್ಯಾಸ್ಕೆಟ್‌ಬಾಲಿಗಾಗಿ ಕಟ್ಟಿದ್ದು! ಮೊದಲ ಋತುವಿನಲ್ಲಿ ಪೂರ್ತಿ ಆಟ ಕಾಣುವ ಆಸನಗಳು 11,131 ಮಾತ್ರ. ಫೀನಿಕ್ಸ್ 1996ರಲ್ಲಿ ಸಿಕ್ಕಿಹಾಕಿಕೊಂಡದ್ದು ಇದೇ ಸಮಸ್ಯೆಯಲ್ಲಿ.

ಆದರೆ ಇಲ್ಲಿ ಬ್ಯಾಸ್ಕೆಟ್‌ಬಾಲ್ ತಂಡ ಯೂಟಾ ಜಾಜ್, ಹಾಕಿ ತಂಡ, ಅರೀನಾ ಮೂರೂ ಸ್ಮಿತ್ ಕಂಪನಿಯ ಹಿಡಿತದಲ್ಲಿವೆ. ಒಳಗಿನ ಪ್ರತಿ ಕಾಸೂ ಒಂದೇ ಗಲ್ಲಾಪೆಟ್ಟಿಗೆಗೆ ಬೀಳುತ್ತದೆ. ಜೊತೆಗೆ 2024ರಲ್ಲಿ ಸಾಲ್ಟ್ ಲೇಕ್ ನಗರಸಭೆ ಮಾರಾಟ ತೆರಿಗೆಯನ್ನು ಶೇ 0.5 ಅಂಶ ಏರಿಸಿ, ಅರೀನಾ ನವೀಕರಣಕ್ಕೂ ಸುತ್ತಲಿನ ಅಭಿವೃದ್ಧಿಗೂ 90 ಕೋಟಿ ಡಾಲರ್ ತನಕ ಒದಗಿಸಲು ಒಪ್ಪಿತು. ಅಲ್ಲಿ ಇದನ್ನು ಜನಮತಕ್ಕೆ ಹಾಕಲಿಲ್ಲ. ಟೆಂಪೆಯ ಮತದಾರ ಬೇಡವೆಂದದ್ದಕ್ಕಿಂತ ದೊಡ್ಡ ಸಾರ್ವಜನಿಕ ನೆರವು ಯೂಟಾದಲ್ಲಿ ನಗರಸಭೆಯ ಮತದಿಂದಲೇ ಸಿಕ್ಕಿತು. 2034ರ ಚಳಿಗಾಲದ ಒಲಿಂಪಿಕ್ಸ್ ಅದೇ ಊರಲ್ಲಿ ನಡೆಯಲಿರುವುದು ಆ ಒಪ್ಪಿಗೆಗೆ ಅನುಕೂಲವಾಯಿತು.

ಹಾಗಾದರೆ ಇತಿಹಾಸ ಯಾರದು?

ಈಗ ದಾಖಲೆಗಳ ಸಿಕ್ಕು ನೋಡಿ. 2011ರಲ್ಲಿ ಅಟ್ಲಾಂಟಾ ಥ್ರ್ಯಾಷರ್ಸ್ ತಂಡವನ್ನು ಕೊಂಡ ವಿನಿಪೆಗ್ ಅದಕ್ಕೆ ಹಳೆಯ ಪ್ರೀತಿಯಿಂದ ಜೆಟ್ಸ್ ಎಂದೇ ಹೆಸರಿಟ್ಟಿತು. ಲೀಗ್‌ನ ಲೆಕ್ಕದಲ್ಲಿ ಈ ಹೊಸ ಜೆಟ್ಸ್‌ನ ಹಿಂದಿನ ದಾಖಲೆಗಳೆಲ್ಲ ಅಟ್ಲಾಂಟಾದವು. ಹಾವರ್ಚಕ್, ಸೆಲಾನೆ ದಾಖಲೆಗಳು ಅರಿಜೋನಾದ ಪಾಲು. ಅರಿಜೋನಾಕ್ಕೆ ಒಂದು ಪಂದ್ಯವನ್ನೂ ಆಡದ ಬಾಬಿ ಹಲ್ ಅವರ 9ನೇ ಸಂಖ್ಯೆಯನ್ನು ಅಲ್ಲಿ ಗೌರವದಿಂದ ಮೀಸಲಿಟ್ಟಿದ್ದರು. 2005ರಲ್ಲಿ ಅವರ ಮಗ ಬ್ರೆಟ್ ಹಲ್ ಕಯೋಟೀಸ್ ಸೇರಿದಾಗ ಅದನ್ನು ಮತ್ತೆ ಇಳಿಸಿ ಕೊಟ್ಟರು. ಅತ್ತ ವಿನಿಪೆಗ್ ಕಾಗದವನ್ನು ಲೆಕ್ಕಿಸದೆ 2022ರಲ್ಲಿ ಹಾವರ್ಚಕ್ ಪ್ರತಿಮೆ ನಿಲ್ಲಿಸಿತು.

2024ರ ನಂತರ ಈ ಹಳೆಯ ದಾಖಲೆಗಳಿಗೆ ಆಡುವ ತಂಡವೇ ಇಲ್ಲ. ಕೆಲ್ಲರ್ ಅರಿಜೋನಾದಲ್ಲಿ ಹೊಡೆದ ಗೋಲುಗಳು ಅವರ ವೈಯಕ್ತಿಕ ಖಾತೆಯಲ್ಲಿವೆ, ಯೂಟಾ ಕ್ಲಬ್ಬಿನ ಖಾತೆಯಲ್ಲಿಲ್ಲ. ಶೇನ್ ಡೋನ್ ಅವರ ವಿಷಯದಲ್ಲಿ ಇದು ಇನ್ನೂ ಮೊನಚಾಗಿ ಕಾಣುತ್ತದೆ. 1995ರಲ್ಲಿ ಹಳೆಯ ಜೆಟ್ಸ್ ಆಯ್ದುಕೊಂಡ ಅವರು 2017ರ ತನಕ ಒಂದೇ ಕ್ಲಬ್ಬಿಗೆ ಆಡಿದರು, ಅದರ ಅತಿ ದೊಡ್ಡ ಹೆಸರಾದರು. ಅವರ ಮಗ ಜಾಶ್ ಡೋನ್ 2024ರ ಮಾರ್ಚ್‌ನಲ್ಲಿ ಅದೇ ಕಯೋಟೀಸ್‌ಗೆ ಮೊದಲ ಪಂದ್ಯದಲ್ಲೇ ಎರಡು ಗೋಲ್ ಹೊಡೆದರು. ಒಂದು ತಿಂಗಳೊಳಗೆ ಅಪ್ಪನ ಕ್ಲಬ್ ಆಟ ನಿಲ್ಲಿಸಿತ್ತು. ಮರುವರ್ಷ ಯೂಟಾ ಮಗನನ್ನು ಬಫಲೊ ತಂಡಕ್ಕೆ ಬಿಟ್ಟುಕೊಟ್ಟಿತು.

ಇತಿಹಾಸಕ್ಕೆ ಬೆಲೆ ಇಲ್ಲದೆ ಇಲ್ಲ. ಹಾರ್ಟ್‌ಫರ್ಡ್ ಬಿಟ್ಟು ಬಂದ ಕೆರೊಲಿನಾ ಕ್ಲಬ್ ವರ್ಷಗಟ್ಟಲೆ ಹಳೆಯ ಹೆಸರನ್ನು ಬದಿಗಿಟ್ಟು, 2018ರಿಂದ ಹಾರ್ಟ್‌ಫರ್ಡ್ ಜೆರ್ಸಿ ತೊಟ್ಟು ಆಡಿ, ಅದನ್ನು ಮಾರಿ ಲಾಭ ಮಾಡಿಕೊಂಡಿತು. ಯೂಟಾಗೆ ಅಂಥ ಹಕ್ಕಿಲ್ಲ, ಸದ್ಯಕ್ಕೆ ಬೇಕಾಗಿಯೂ ಇಲ್ಲ.

ಮುಂದೇನು?

ಅರಿಜೋನಾಗೆ ಹಾಕಿ ಮರಳಬೇಕಾದರೆ ಈಗ ದಾರಿ ಲೀಗ್ ವಿಸ್ತರಣೆ ಅಥವಾ ಬೇರೊಂದು ತಂಡದ ಸ್ಥಳಾಂತರ. ವೇಗಸ್ ಪ್ರವೇಶಕ್ಕೆ 50 ಕೋಟಿ, ಸಿಯಾಟಲ್ 65 ಕೋಟಿ ಡಾಲರ್ ಕಟ್ಟಿದ್ದವು. 120 ಕೋಟಿಯ ಯೂಟಾ ವ್ಯವಹಾರದ ನಂತರ ಅದಕ್ಕಿಂತ ಕಡಿಮೆಗೆ ಲೀಗ್ ಯಾರಿಗೂ ಬಾಗಿಲು ತೆರೆಯುವ ಸಾಧ್ಯತೆ ಕಡಿಮೆ. ಅಷ್ಟು ಹಣದ ಮೇಲೆ ಅರೀನಾ ಖರ್ಚೂ ಸೇರಿದರೆ, ಅದನ್ನು ಮನೆ, ಹೋಟೆಲು, ಅಂಗಡಿಗಳ ಭೂಮಿ ವ್ಯವಹಾರದಿಂದಲೇ ಹುಟ್ಟಿಸಬೇಕು. ಆಗ ಮತ್ತೆ ಜಾಗ, ಮತ್ತೆ ತೆರಿಗೆ ವಿನಾಯಿತಿ, ಮತ್ತೆ ಮತಪೆಟ್ಟಿಗೆ. ಬರುವ ತಂಡಕ್ಕೆ ಕಯೋಟೀಸ್ ಎಂಬ ಹೆಸರನ್ನೂ ಹಳೆಯ ದಾಖಲೆಗಳನ್ನೂ ಕೊಡಬೇಕೇ ಎಂಬ ತೀರ್ಮಾನ ಲೀಗ್‌ನದು.

ಇತ್ತ ವಿನಿಪೆಗ್‌ನಲ್ಲೂ ನೆಮ್ಮದಿ ಪೂರ್ತಿಯಿಲ್ಲ. ಎರಡನೇ ಬಾರಿ ತಂಡ ಸಿಕ್ಕಿದ್ದಕ್ಕೆ ಕಾರಣಗಳು ಸ್ಪಷ್ಟ: 2005ರಲ್ಲಿ ಬಂದ ಸಂಬಳ ಮಿತಿ, ಅಮೆರಿಕ ಡಾಲರಿಗೆ ಸಮಸಮ ಏರಿದ್ದ ಕೆನಡಾ ಡಾಲರ್, 2004ರಲ್ಲಿ ಊರ ನಡುವೆ ಎದ್ದ ಹೊಸ ಅರೀನಾ, ಮತ್ತು ಆ ಅರೀನಾದ ಒಡೆತನವೂ ತಂಡದ ಒಡೆತನವೂ ಒಂದೇ ಕೈಯಲ್ಲಿದ್ದದ್ದು. 2011ರಲ್ಲಿ 13,000 ಋತು ಟಿಕೆಟ್‌ಗಳು ಕಣ್ಮುಚ್ಚಿ ತೆರೆಯುವುದರೊಳಗೆ ಖರ್ಚಾಗಿದ್ದವು. 2024ರ ಆರಂಭದ ಹೊತ್ತಿಗೆ ಅದು 9,500ರ ಆಸುಪಾಸಿಗೆ ಇಳಿದು, ಹೀಗೇ ಮುಂದುವರಿದರೆ ಬಹುಕಾಲ ನಡೆಯದು ಎಂದು ಮಾಲೀಕರೇ ಬಹಿರಂಗವಾಗಿ ಹೇಳಿದರು. ಕೆನಡಾ ಡಾಲರ್ ಮತ್ತೆ 1990ರ ದಶಕದ ಮಟ್ಟದ ಹತ್ತಿರ ಸುಳಿದಾಡುತ್ತಿದೆ, ಸಂಬಳ ಈಗಲೂ ಅಮೆರಿಕ ಡಾಲರಿನಲ್ಲೇ.